ಚಿಂದಿ ಆಯ್ದವರು ಯಾರು? ಕೌದಿಯ ಚರಿತ್ರೆ ಕುರಿತು ಒಂದಿಷ್ಟು

ಇದು ಉದ್ದದ ಪೋಸ್ಟು. ಪುರುಸೊತ್ತು ಮಾಡಿಕೊಂಡು ಓದಿ.

ಹೋದ ವಾರ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಯಾರೋ ಒಂದು ವಿಡಿಯೋ ಹಾಕಿದರು. ಟೇಲರ್ ಅಂಗಡಿಯಲ್ಲಿ ಉಳಿದ ಬಟ್ಟೆ ತುಂಡುಗಳಿಂದ ಮನೆಯಲ್ಲೇ ಮಾಡಬಹುದಾದ ಹತ್ತು ಸುಲಭದ ವಸ್ತುಗಳು. ದಿಂಬಿನ ಕವರು, ಕಾಲೊರಸು, ಮೊಬೈಲ್ ಚೀಲ, ಮಕ್ಕಳ ಗೊಂಬೆ ಹೀಗೆ. ಕೊನೆಗೆ ತುಂಡು ತುಂಡು ಜೋಡಿಸಿ ಹೊಲಿದ ಒಂದು ಹೊದಿಕೆ. ಇದು ಈಗಿನ ಹೊಸ ಟ್ರೆಂಡು ಅಂತ ಆ ಹೆಣ್ಣುಮಗಳು ಹೇಳ್ತಾಳೆ. ಗ್ರೂಪಿನ ತುಂಬ ಚಪ್ಪಾಳೆ. ಅವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಹೊಲಿಗೆ ಅಚ್ಚುಕಟ್ಟಾಗಿತ್ತು. ಆದರೆ 'ಹೊಸದು' ಅನ್ನೋ ಆ ಒಂದು ಮಾತು ತಲೆಯಲ್ಲಿ ಕೂತುಬಿಡ್ತು. ಚಿಂದಿಗೂ ಈ ದೇಶದ ಜಾತಿಗೂ ಇರುವ ಸಂಬಂಧ ಎಷ್ಟು ಹಳೆಯದು ಅಂತ ಬರೆದಿಡಬೇಕು ಅನ್ನಿಸ್ತು.

ಮೊದಲು ಆ ಕಹಿ ಪುಸ್ತಕದಿಂದಲೇ ಶುರು ಮಾಡೋಣ. ಮನುಸ್ಮೃತಿಯ ಹತ್ತನೇ ಅಧ್ಯಾಯ. ಚಂಡಾಲರು ಊರ ಹೊರಗೆ ಇರಬೇಕು, ಒಡೆದ ಮಡಕೆಯಲ್ಲಿ ಉಣ್ಣಬೇಕು, ಒಡವೆ ಅಂತ ಏನಾದರೂ ತೊಟ್ಟರೆ ಕಬ್ಬಿಣದ್ದೇ ತೊಡಬೇಕು, ಉಡುವುದಕ್ಕೆ ಸತ್ತವರ ಮೈಮೇಲಿನ ಬಟ್ಟೆ. ಹೀಗಂತ ಅಲ್ಲಿ ಕಟ್ಟಳೆ ಇದೆ. ಬಡತನಕ್ಕೆ ಹರಕು ಉಡುವುದು ಬೇರೆ, ಕಟ್ಟಳೆ ಮಾಡಿ ಹರಕು ಉಡಿಸುವುದು ಬೇರೆ. ಬಡವನಿಗೆ ನಾಲ್ಕು ಕಾಸು ಸಿಕ್ಕ ದಿನ ಹೊಸ ಅರಿಬಿ ಕೊಳ್ಳಬಹುದು. ಇಲ್ಲಿ ಕಾಸು ಸಿಕ್ಕರೂ ಕೊಳ್ಳುವ ಹಾಗಿಲ್ಲ. ದೂರದಿಂದ ನೋಡಿದ ತಕ್ಷಣ ಇಂಥವನು ಅಂತ ಗೊತ್ತಾಗಬೇಕು, ಅದಕ್ಕೆ ಬಟ್ಟೆಯೇ ಗುರುತು.

ಇದು ಪುಸ್ತಕದಲ್ಲೇ ಉಳಿದಿದ್ದರೆ ನಾನು ಈ ಪೋಸ್ಟು ಬರೆಯುತ್ತಿರಲಿಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ಹತ್ತಾರು ವರ್ಷ ಹೊಡೆತ ತಿಂದರು. ಅಲ್ಲಿನ ರಾಜ ಮಣಿದು ಆದೇಶ ಹೊರಡಿಸಿದ್ದು 1859ರಲ್ಲಿ. ಆಗಲೂ ಮೇಲ್ಜಾತಿಯವರ ಥರ ಉಡಬಾರದು ಅಂತ ಒಂದು ಬಾಲ ಸೇರಿಸಿದ. ನಮ್ಮ ಊರುಗಳಲ್ಲಿ ಆದೇಶ, ಕಾಗದ ಏನೂ ಬೇಕಿರಲಿಲ್ಲ. ಹಬ್ಬಕ್ಕೆ ದೊಡ್ಡ ಮನೆಯ ಹಳೇ ಸೀರೆ, ಹಳೇ ಧೋತ್ರ. ಅದನ್ನೂ ಕೈಗೆ ಕೊಡುತ್ತಿರಲಿಲ್ಲ, ಕಟ್ಟೆಯ ಮೇಲಿಂದ ಒಗೆಯುತ್ತಿದ್ದರು. ನಮ್ಮಾಯಿ ಅದನ್ನು ಸೆರಗೊಡ್ಡಿ ಹಿಡಿದುಕೊಳ್ಳುತ್ತಿದ್ದಳಂತೆ. ನೆಲಕ್ಕೆ ಬಿದ್ದರೆ ಮನೆಯೊಡತಿ ನಗುತ್ತಿದ್ದಳಂತೆ.

ಇಲ್ಲಿ ಒಂದು ಮಾತು. ನಮ್ಮವರಿಗೆ ಬಟ್ಟೆ ಮಾಡಲು ಬರುತ್ತಿರಲಿಲ್ಲ ಅಂತ ಯಾರೂ ತಿಳಿಯಬೇಡಿ. ಹತ್ತೊಂಬತ್ತನೇ ಶತಮಾನದ ಕೊನೆಯ ಮೈಸೂರು ಸೀಮೆಯ ಸರ್ಕಾರಿ ದಾಖಲೆಗಳಲ್ಲೇ ಹೊಲೆಯರು ಕೈಮಗ್ಗದಲ್ಲಿ ಒರಟು ಬಟ್ಟೆ ನೇಯುತ್ತಾರೆ, ಬಡವರೆಲ್ಲ ಅದನ್ನೇ ಉಡುತ್ತಾರೆ, ಅಗ್ಗದ ವಿದೇಶಿ ಬಟ್ಟೆ ಬಂದು ಆ ಕಸುಬು ಹಾಳಾಗುತ್ತಿದೆ ಅಂತ ಬರೆದಿದ್ದಾರೆ. ಅಂದರೆ ಊರಿನ ಬಡವರ ಮಾನ ಮುಚ್ಚಿದ್ದು ನಮ್ಮ ಮಗ್ಗ. ಆಮೇಲೆ ಬಟ್ಟೆ ಗಿರಣಿ ಬಂತು. ಅಲ್ಲಾದರೂ ಜಾತಿ ಬಿಟ್ಟಿತೇ? ಮುಂಬೈ ಗಿರಣಿಗಳಲ್ಲಿ ಸಂಬಳ ಚೆನ್ನಾಗಿದ್ದ ನೇಯ್ಗೆ ವಿಭಾಗದಲ್ಲಿ ಅಸ್ಪೃಶ್ಯರಿಗೆ ಕೆಲಸವಿಲ್ಲ. ಯಾಕೆಂದರೆ ಲಾಳಿಯ ದಾರವನ್ನು ಬಾಯಿಂದ ಎಳೆದು ಪೋಣಿಸಬೇಕಿತ್ತು. ಮುಟ್ಟಿಸಿಕೊಳ್ಳದವರ ಎಂಜಲು ತಾಗಿದರೆ ಹೇಗೆ! ಬಾಬಾಸಾಹೇಬರು 1920ರ ದಶಕದ ಕೊನೆಯ ಗಿರಣಿ ಮುಷ್ಕರಗಳ ಕಾಲದಲ್ಲಿ ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದೆ ಇಟ್ಟರು. ಬಂಡವಾಳಶಾಹಿಯ ವಿರುದ್ಧ ಗಂಟಲು ಹರಿದುಕೊಳ್ಳುತ್ತಿದ್ದವರಿಗೆ ಈ ಎಂಜಲು ಕಾಣಿಸಲಿಲ್ಲ. ಈಗಲೂ ಎಷ್ಟೋ ಕಾಮ್ರೇಡುಗಳಿಗೆ ಕಾಣಿಸುವುದಿಲ್ಲ, ಇರಲಿ.

ಇನ್ನು ಕನ್ನಡದ ಒಂದು ಬೈಗುಳದ ವಿಚಾರ. 'ಚಿಂದಿ ಆಯೋನು.' ಹರಿದ ಬಟ್ಟೆ ಹಾಕಿಕೊಂಡು ಶಾಲೆಗೆ ಹೋದ ನಮ್ಮ ತಲೆಮಾರಿನ ಎಲ್ಲರೂ ಇದನ್ನು ಕೇಳಿದ್ದೇವೆ. ಹಾಗೆ ಬೈದವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಎರಡೂವರೆ ಸಾವಿರ ವರ್ಷದ ಹಿಂದೆ ಈ ನೆಲದಲ್ಲಿ ಚಿಂದಿ ಆಯುವುದನ್ನೇ ಗೌರವದ ವ್ರತ ಮಾಡಿಕೊಂಡ ಒಂದು ದೊಡ್ಡ ಗುಂಪು ಇತ್ತು. ಬುದ್ಧನ ಸಂಘ.

ಪಾಲಿಯಲ್ಲಿ ಅದಕ್ಕೆ ಪಂಸುಕೂಲ ಅಂತಾರೆ. ಧೂಳಿನ ಗುಡ್ಡೆ, ತಿಪ್ಪೆಯಿಂದ ಆಯ್ದ ಬಟ್ಟೆ. ಮೊದಮೊದಲು ಭಿಕ್ಕುಗಳು ಉಡುತ್ತಿದ್ದದ್ದು ಅದನ್ನೇ. ಸ್ಮಶಾನದಲ್ಲಿ ಬಿಟ್ಟದ್ದು, ಬೀದಿಯಲ್ಲಿ ಎಸೆದದ್ದು, ಇಲಿ ಕಡಿದದ್ದು, ಬೆಂಕಿ ತಾಗಿದ್ದು. ತಂದು ತೊಳೆದು, ಕತ್ತರಿಸಿ, ಬಣ್ಣ ಹಾಕಿ, ಹೊಲಿದು ಚೀವರ ಮಾಡಿಕೊಳ್ಳುತ್ತಿದ್ದರು. ವೈದ್ಯ ಜೀವಕ ಬೆಲೆಬಾಳುವ ಬಟ್ಟೆ ತಂದು ಇದನ್ನು ಸ್ವೀಕರಿಸಬೇಕು, ಗೃಹಸ್ಥರು ಕೊಟ್ಟ ಬಟ್ಟೆ ಉಡಲು ಎಲ್ಲರಿಗೂ ಅನುಮತಿ ಕೊಡಬೇಕು ಅಂತ ಕೇಳಿಕೊಂಡ ಮೇಲೆ ಬುದ್ಧ ಒಪ್ಪಿದ. ಬೇಕಾದವರು ಚಿಂದಿಯನ್ನೇ ಉಡಬಹುದು, ಬೇಕಾದವರು ದಾನದ ಬಟ್ಟೆ ಉಡಬಹುದು ಅಂದ. ಈ 'ಬೇಕಾದವರು' ಅನ್ನೋ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ವಿನಯಪಿಟಕದಲ್ಲಿ ಇನ್ನೊಂದು ಪ್ರಸಂಗ ಇದೆ. ಬುದ್ಧ ದಕ್ಷಿಣಗಿರಿಯ ಕಡೆ ಹೋಗುವಾಗ ಮಗಧದ ಭತ್ತದ ಗದ್ದೆಗಳನ್ನು ನೋಡ್ತಾನೆ. ಬದುವಿನಿಂದ ಬದುವಿಗೆ ಚೌಕ ಚೌಕ. ಆನಂದನ ಕಡೆ ತಿರುಗಿ, ಸಂಘಕ್ಕೆ ಈ ಥರದ ಚೀವರ ಮಾಡಲು ಆಗುತ್ತಾ ಅಂತ ಕೇಳ್ತಾನೆ. ಆನಂದ ಹೊಲಿದು ತೋರಿಸ್ತಾನೆ. ತುಂಡು ತುಂಡು ಕತ್ತರಿಸಿದ ಬಟ್ಟೆ ಅಂದಮೇಲೆ ಕಳ್ಳನಿಗೂ ಆಸೆ ಹುಟ್ಟಲ್ಲ ಅನ್ನೋ ಲೆಕ್ಕವೂ ಅಲ್ಲಿದೆ. ಇವತ್ತಿಗೂ ಭಂತೇಜಿಗಳ ಚೀವರವನ್ನು ಹತ್ತಿರದಿಂದ ನೋಡಿ, ಗದ್ದೆಯ ಬದು ಕಾಣಿಸುತ್ತೆ. ಭಿಕ್ಕು ಇಟ್ಟುಕೊಳ್ಳಬಹುದಾದ ಎಂಟು ವಸ್ತುಗಳಲ್ಲಿ ಸೂಜಿಯೂ ಒಂದು. ಆಯುಧ ಇಲ್ಲ, ಒಡವೆ ಇಲ್ಲ, ಸೂಜಿ ಇದೆ.

ನನಗೆ ಬಹಳ ಇಷ್ಟವಾದದ್ದು ಇದರ ಮುಂದಿನ ಕಥೆ. ಕೌಶಾಂಬಿಯ ರಾಜ ಉದಯನನ ರಾಣಿವಾಸದವರು ಆನಂದನಿಗೆ ಐನೂರು ಬಟ್ಟೆ ದಾನ ಕೊಟ್ಟರು. ರಾಜನಿಗೆ ಹೊಟ್ಟೆಕಿಚ್ಚು. ಇಷ್ಟೊಂದು ತಗೊಂಡು ಈ ಸನ್ಯಾಸಿ ಏನು ಬಟ್ಟೆ ಅಂಗಡಿ ಇಡ್ತಾನಾ ಅಂತ. ನೇರ ಹೋಗಿ ಕೇಳಿಯೇಬಿಟ್ಟ. ಚೀವರ ಹರಿದ ಭಿಕ್ಕುಗಳಿಗೆ ಹಂಚುತ್ತೇನೆ ಅಂದ ಆನಂದ. ಹಾಗಾದರೆ ಅವರ ಹಳೆಯದ್ದು? ಹಾಸಿಗೆಯ ಮೇಲುಹೊದಿಕೆ ಮಾಡ್ತೇವೆ. ಹಳೆಯ ಮೇಲುಹೊದಿಕೆ? ಹಾಸಿಗೆಯ ಗವಸು. ಹಳೆಯ ಗವಸು? ನೆಲದ ಹಾಸು. ಅದೂ ಹಳೆಯದಾದರೆ? ಕಾಲೊರಸು. ಅದು ಸವೆದರೆ? ಧೂಳು ಒರೆಸುವ ಅರಿವೆ. ಅದೂ ಚಿಂದಿಯಾದರೆ? ಚೂರು ಮಾಡಿ ಕೆಸರಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ. ರಾಜ ಖುಷಿಯಾಗಿ ಇನ್ನೂ ಐನೂರು ಕೊಟ್ಟನಂತೆ.

ಇದನ್ನು ಓದಿದಾಗ ನನಗೆ ಕಂಡದ್ದು ನಮ್ಮ ಕೇರಿ. ಆನಂದ ಹೇಳಿದ ಪಟ್ಟಿಯನ್ನು ನಮ್ಮವ್ವ, ನಮ್ಮಾಯಿ ಯಾವ ಪಿಟಕವನ್ನೂ ಓದದೆ ಬದುಕಿದ್ದಾರೆ. ಸೀರೆ ಸೆರಗಿನ ಕಡೆ ಪಿಸಿಯಿತು ಅಂದರೆ ಮಧ್ಯಕ್ಕೆ ಕತ್ತರಿಸಿ, ಅಂಚುಗಳನ್ನು ಒಳಕ್ಕೆ ತಂದು ಮತ್ತೆ ಹೊಲಿದು ಉಡುವುದು. ಅದೂ ಹೋಯಿತೆಂದರೆ ಗಟ್ಟಿ ಇದ್ದ ಭಾಗ ಹುಡುಗಿಯರ ಲಂಗ, ಮೆತ್ತಗಿದ್ದ ಭಾಗ ಕೂಸಿನ ಕುಲಾಯಿ. ಉಳಿದದ್ದು ಕೌದಿಗೆ. ಚೂರುಪಾರು ಎಲೆ ಅಡಿಕೆ ಸಂಚಿಗೆ. ಉದ್ದದ ಹರುಕು ಇದ್ದರೆ ಸುತ್ತಿ ಸಿಂಬಿ ಮಾಡೋದು, ತಲೆ ಮೇಲೆ ಬುಟ್ಟಿ, ಕೊಡ ಹೊರಲಿಕ್ಕೆ. ಇನ್ನೊಂದಿಷ್ಟು ಹೆಣ್ಣುಮಕ್ಕಳ ತಿಂಗಳ ಬಟ್ಟೆಗೆ. ಇದನ್ನು ಯಾವ ಕರಕುಶಲ ವಿಡಿಯೋದಲ್ಲೂ ಹೇಳಲ್ಲ, ಆದರೆ ಹಳೇ ಸೀರೆಯ ಮೆತ್ತನೆಯ ತುಂಡಿಗೆ ಮನೆಯಲ್ಲಿ ಮೊದಲ ಹಕ್ಕು ಇದ್ದದ್ದು ಅದಕ್ಕೇ. ಕಟ್ಟಕಡೆಗೆ ಸೆಗಣಿ ಸಾರಿಸುವ ಅರಿಬಿ. ಆನಂದ ನಿಲ್ಲಿಸಿದ ಜಾಗದಲ್ಲೇ ನಮ್ಮವ್ವನೂ ನಿಲ್ಲಿಸಿದ್ದಾಳೆ, ನೆಲದಲ್ಲಿ.

ಕೌದಿ ಹೊಲಿಯುವುದನ್ನು ನೋಡದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಹುಬ್ಬಳ್ಳಿ, ಗದಗ, ಬೆಳಗಾವಿ, ವಿಜಯಪುರ ಕಡೆಯವರಿಗೆ ಇದು ಹೊಸದೇನಲ್ಲ, ಅವರು ಮುಂದಿನ ಪ್ಯಾರಾಕ್ಕೆ ಹೋಗಬಹುದು. ಮೊದಲು ಒಂದು ಇಡೀ ಹಳೇ ಸೀರೆ, ಇಲ್ಲವೇ ಧೋತ್ರ ನೆಲಕ್ಕೆ ಹಾಸಬೇಕು. ಅದು ತಳ. ಅದರ ಮೇಲೆ ಹರುಕು ಬಟ್ಟೆಗಳ ಎರಡು ಮೂರು ಪದರು. ಮೇಲುಗಡೆ ಬಣ್ಣದ ತುಂಡುಗಳು. ಖಣದ ಕುಬಸದ ಚೂರು, ಇಳಕಲ್ ಸೀರೆಯ ಅಂಚು, ಅಂಗಿಯ ಬೆನ್ನು, ಟೇಲರ್ ಅಂಗಡಿಯ ಚಿಂದಿ. ಉದ್ದ ಸೂಜಿ, ದಪ್ಪ ದಾರ. ನಾಲ್ಕು ಮಂದಿ ನಾಲ್ಕು ಕಡೆ ಕೂತು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ. ಸಾಲಿನಿಂದ ಸಾಲಿಗೆ ಬೆರಳಿನಷ್ಟು ಅಂತರ, ಹತ್ತಿರ ಹೊಲಿದಷ್ಟೂ ಬಾಳಿಕೆ. ಮಳೆಗಾಲ ಮುಗಿದು ಸುಗ್ಗಿ ಶುರುವಾಗುವ ನಡುವೆ ಕೆಲಸ ಕಡಿಮೆ ಇದ್ದ ದಿನಗಳಲ್ಲಿ ನಮ್ಮ ಮನೆ ಮುಂದೆ ಇದೇ ನಡೆಯೋದು. ನಡುವಿಗೆ ಬಂದಾಗ ಒಂದು ಅಂಗೈ ಅಗಲ ಬಿಟ್ಟು, ಅದರೊಳಗೆ ನಮ್ಮಾಯಿ ರೊಟ್ಟಿಯ ಒಂದು ಚೂರು ಇಟ್ಟು ಹೊಲಿಗೆ ಮುಚ್ಚುತ್ತಿದ್ದಳು. ಕೇಳಿದರೆ, "ಹೊಚ್ಚಿಗೊಂಡವರ ಹೊಟ್ಟಿ ತುಂಬಿರಬೇಕಂದ್ರ ಮದಲ ಕೌದಿ ಹೊಟ್ಟಿ ತುಂಬಿರಬೇಕು" ಅನ್ನೋಳು.

ಎಲ್ಲರ ಮನೆಯಲ್ಲೂ ಕೌದಿ ಇತ್ತು, ಅದು ದಲಿತರದ್ದು ಮಾತ್ರ ಹೇಗಾಗುತ್ತೆ ಅಂತ ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ಎಲ್ಲರ ಮನೆಯಲ್ಲೂ ಇತ್ತು. ಆದರೆ ದೊಡ್ಡ ಮನೆಯಲ್ಲಿ ಕಂಬಳಿ, ಗಾದಿ, ಜಮಖಾನ ಎಲ್ಲ ಇದ್ದು, ಅದರ ಜೊತೆಗೆ ಕೌದಿಯೂ ಇತ್ತು. ಅಲ್ಲಿನ ಕೌದಿಯನ್ನೂ ಬಹಳ ಸಲ ಹೊಲಿದುಕೊಟ್ಟವರು ಊರೂರು ತಿರುಗುವ ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳು. ಕೂಲಿಗೆ ಒಂದಿಷ್ಟು ಜೋಳ, ಒಂದಿಷ್ಟು ರೊಕ್ಕ. ನಮ್ಮ ಕೇರಿಯಲ್ಲಿ ಕೌದಿ ಬಿಟ್ಟರೆ ಬೇರೆ ಹೊದಿಕೆ ಇರಲಿಲ್ಲ. ಒಂದೇ ಕೌದಿಯೊಳಗೆ ಐದು ಮಕ್ಕಳು. ಇನ್ನು ಹೊಲಿಗೆಯ ಕಸುಬಿಗೂ ನಮಗೂ ದೂರ ಏನಿಲ್ಲ. ಚಮ್ಮಾರಿಕೆಯ ಹೊಲಿಗೆ ಇಲ್ಲದೆ ಊರಿನ ಕಾಲಿಗೆ ಚಪ್ಪಲಿ ಇರಲಿಲ್ಲ, ಬಾವಿಗೆ ಕಪಲಿ ಇರಲಿಲ್ಲ. ಹನ್ನೆರಡನೇ ಶತಮಾನದ ಶರಣರಲ್ಲಿ ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯ ಇದ್ದ ಹಾಗೆಯೇ ಸೂಜಿಕಾಯಕದ ರಾಮಿತಂದೆ ಅಂತ ಒಬ್ಬ ಸಿಂಪಿಗ ವಚನಕಾರ ಇದ್ದಾನೆ. ಅವನ ಹೆಸರು ಜಯಂತಿ ಭಾಷಣಗಳಲ್ಲಿ ಬರುವುದೇ ಇಲ್ಲ.

ಈಗ ಮಹಾಡ್‌ಗೆ ಬರೋಣ. ಈ ಇಡೀ ಪೋಸ್ಟಿನ ಗಂಟು ಇರುವುದು ಅಲ್ಲೇ.

1927ರ ಡಿಸೆಂಬರ್ 25ಕ್ಕೆ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟದ್ದು ನಿಮಗೆಲ್ಲ ಗೊತ್ತು. ಪ್ರತಿ ವರ್ಷ ಆ ದಿನ ಸ್ಟೇಟಸ್ ಹಾಕ್ತೀವಿ. ಅದೇ ಸತ್ಯಾಗ್ರಹದ ದಿನಗಳಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಮಾತಾಡಿದ್ದನ್ನು ನೆನೆಯುವವರು ಕಡಿಮೆ. ಅಸ್ಪೃಶ್ಯರು ಅನ್ನೋ ಗುರುತು ಹೇಳುವ ಉಡುಗೆಯನ್ನು ಬಿಡಿ, ಮೇಲ್ಜಾತಿಯ ಹೆಂಗಸರು ಉಟ್ಟ ಹಾಗೆ ಸೀರೆ ಉಡಿ, ಕೈ ಕಾಲಿಗೆ ಹೇರಿಕೊಂಡ ಆ ಭಾರದ ಬಿಲ್ಲೆ ಬಳೆಗಳನ್ನು ತೆಗೆಯಿರಿ ಅಂದರು. ಆಮೇಲೆ ಒಂದು ಮಾತು ಸೇರಿಸಿದರು. ಬಟ್ಟೆಗೆ ಎಷ್ಟೇ ತೇಪೆ ಇದ್ದರೂ ಚಿಂತೆಯಿಲ್ಲ, ಚೊಕ್ಕಟವಾಗಿರಲಿ; ಯಾವ ಬಟ್ಟೆ ಉಡಬೇಕು, ಯಾವ ಲೋಹದ ಒಡವೆ ಹಾಕಬೇಕು ಅನ್ನುವ ನಿಮ್ಮ ಸ್ವಾತಂತ್ರ್ಯವನ್ನು ಯಾರೂ ಕಿತ್ತುಕೊಳ್ಳಲಾರರು ಅನ್ನುವ ಅರ್ಥದ ಮಾತು. ಹೆಣ್ಣುಮಕ್ಕಳು ಅಲ್ಲಿಯೇ ಸೀರೆ ಉಡುವ ರೀತಿ ಬದಲಿಸಿಕೊಂಡರು.

ಬಟ್ಟೆ ಮತ್ತು ಲೋಹ. ಮನುಸ್ಮೃತಿಯ ಆ ಕಟ್ಟಳೆಯಲ್ಲೂ ಇದ್ದದ್ದು ಇವೇ ಎರಡು, ಹೆಣದ ಬಟ್ಟೆ ಮತ್ತು ಕಬ್ಬಿಣದ ಒಡವೆ. ಬಾಬಾಸಾಹೇಬರು ಪುಸ್ತಕ ಸುಟ್ಟು ಸುಮ್ಮನಾಗಲಿಲ್ಲ. ಅದರ ಒಂದೊಂದು ಕಟ್ಟಳೆಯನ್ನೂ ನಮ್ಮ ಹೆಣ್ಣುಮಕ್ಕಳ ಮೈಮೇಲಿಂದ ಬಿಚ್ಚಿಸಿದರು. ಬಿಚ್ಚಿಸುವಾಗ ತೇಪೆಗೆ ಮಾತ್ರ ಮಾಫಿ ಕೊಟ್ಟರು. ಯಾಕೆ? ನನಗೆ ಅನ್ನಿಸುವುದು ಹೀಗೆ. ಎಸೆದ ಹರುಕನ್ನು ಹಾಗೇ ಸುತ್ತಿಕೊಂಡರೆ ಅದು ಅವರ ಕಟ್ಟಳೆ. ಅದೇ ಹರುಕನ್ನು ತೊಳೆದು, ಕೂಡಿಸಿ, ತೇಪೆ ಹಾಕಿ ಹೊಲಿದರೆ ಅದು ನಮ್ಮ ಕೆಲಸ. ಅದರಲ್ಲಿ ನಮ್ಮ ಕೈ ಇದೆ, ನಮ್ಮ ಬುದ್ಧಿ ಇದೆ.

ಹೀಗೆ ಬರೆದ ತಕ್ಷಣ ನಮ್ಮ ಹುಡುಗರು ಏನಂತಾರೆ ಅಂತ ಗೊತ್ತು. ಹಿಂದೊಮ್ಮೆ ಕೌದಿಯ ಫೋಟೋ ಹಾಕಿದಾಗಲೇ ಒಬ್ಬ ತಮ್ಮ ಕಾಮೆಂಟ್ ಮಾಡಿದ್ದ, "ಅಣ್ಣಾ, ಬಾಬಾಸಾಹೇಬರು ಸೂಟು ಬೂಟು ಹಾಕಿದ್ದು ನಾವು ಮತ್ತೆ ಕೌದಿ ಹೊಚ್ಕೊಳ್ಳೋಕಾ?" ಅಂತ. ಅವನ ಸಿಟ್ಟಿಗೆ ಗೌರವ ಇದೆ. ಬಡತನವನ್ನು ಚೆಂದ ಮಾಡಿ ತೋರಿಸುವವರ ಹಾವಳಿ ನನಗೂ ಸಾಕಾಗಿದೆ. ಹಳ್ಳಿಯ ಮುದುಕಿಯ ಸುಕ್ಕುಗಟ್ಟಿದ ಕೈ, ಪಕ್ಕದಲ್ಲಿ ಬಣ್ಣದ ಕೌದಿ, ಕೆಳಗೆ ಎರಡು ಸಾಲು ಕವಿತೆ. ಆ ಮುದುಕಿಗೆ ವೃದ್ಧಾಪ್ಯ ವೇತನ ಬರ್ತಾ ಇದೆಯಾ ಅಂತ ಒಬ್ಬನೂ ಕೇಳಲ್ಲ. ಆದರೆ ತಮ್ಮಾ, ಸೂಟು ಹಾಕುವುದಕ್ಕೂ ಕೌದಿಯ ಚರಿತ್ರೆ ಬರೆಯುವುದಕ್ಕೂ ಜಗಳ ಇಲ್ಲ. ನೀನು ಏನು ಹೊದೆಯಬೇಕು ಅನ್ನುವುದು ನಿನ್ನ ಇಷ್ಟ. ಬುದ್ಧ 'ಬೇಕಾದವರು' ಅಂದದ್ದೂ, ಬಾಬಾಸಾಹೇಬರು ಸ್ವಾತಂತ್ರ್ಯ ಅಂದದ್ದೂ ಇದನ್ನೇ. ನಾನು ಕೇಳುತ್ತಿರುವುದು ಹೊಲಿದವರ ಲೆಕ್ಕ.

ಈ ಲೆಕ್ಕ ಕೇಳುವುದನ್ನು ನಾನು ಕಲಿತದ್ದು ಎರಡು ಕಡೆಯಿಂದ. ಒಂದು ನಮ್ಮ ಉತ್ತರ ಕನ್ನಡದ ಸಿದ್ದಿಗಳಿಂದ. ಪೋರ್ಚುಗೀಸರು ಮತ್ತಿತರರು ಆಫ್ರಿಕಾದಿಂದ ಗುಲಾಮರಾಗಿ ತಂದವರಲ್ಲಿ ಗೋವಾ ಕಡೆಯಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಇವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದಲ್ಲಿ ಇದ್ದಾರೆ. ಪರಿಶಿಷ್ಟ ಪಂಗಡ ಅಂತ ಸರ್ಕಾರ ಒಪ್ಪಿಕೊಂಡದ್ದು 2003ರಲ್ಲಿ, ಸ್ವಾತಂತ್ರ್ಯ ಬಂದು ಐವತ್ತೈದು ವರ್ಷ ಕಳೆದ ಮೇಲೆ. ಅವರ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಕವಂದಿ ಅಂತಾರೆ. ಅಂಚಿನಿಂದ ನಡುವಿಗೆ ಬರುವುದು ನಮ್ಮ ಹಾಗೇ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂ ಇರಬೇಕು, ಅದಕ್ಕೆ ಫೂಲ ಅಂತ ಹೆಸರು. ಫೂಲ ಇಲ್ಲದ ಕೌದಿ ಬತ್ತಲೆ ಅಂತ ಅವರ ಮಾತು. ಕೆಲವು ಕೌದಿಗಳ ಮೇಲೆ ಶಿಲುಬೆ ಇರುತ್ತೆ, ಕೆಲವಕ್ಕೆ ಚಂದ್ರ. ಹೆನ್ರಿ ಡ್ರೂವಲ್ ಅನ್ನುವ ಅಮೆರಿಕದ ವಿದ್ವಾಂಸರು ಇವರ ನಡುವೆ ಕೆಲಸ ಮಾಡಿದರು. 2004ರಲ್ಲಿ ಸಿದ್ದಿ ಮಹಿಳೆಯರದ್ದೇ ಒಂದು ಕೌದಿ ಸಹಕಾರಿ ಶುರುವಾಯಿತು. ಗುಲಾಮಗಿರಿಯಿಂದ ಓಡಿ ಬಂದವರ ಹೊಲಿಗೆಯೂ ಊರ ಹೊರಗಿನ ನಮ್ಮ ಕೇರಿಯ ಹೊಲಿಗೆಯೂ ಒಂದೇ ಥರ ಇರುವುದನ್ನು ನೋಡಿದರೆ ಮೈ ಜುಂ ಅನ್ನುತ್ತೆ.

ಇನ್ನೊಂದು ಕಡೆ ಸಮುದ್ರದ ಆಚೆ. ಬಾಬಾಸಾಹೇಬರು 1946ರಲ್ಲಿ ಕರಿಯರ ನಾಯಕ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದದ್ದು, 1972ರಲ್ಲಿ ಮುಂಬೈಯ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರ್ ನೋಡಿ ದಲಿತ್ ಪ್ಯಾಂಥರ್ ಕಟ್ಟಿದ್ದು ಇಲ್ಲಿರುವ ಎಲ್ಲರಿಗೂ ಗೊತ್ತು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ನದಿ ಮೂರು ಕಡೆ ಸುತ್ತುವರಿದ ಒಂದು ಹಳ್ಳಿ ಇದೆ, ಗೀಸ್ ಬೆಂಡ್. ಹತ್ತಿ ಬೆಳೆಯುವ ಗುಲಾಮರ ತೋಟ ಅದು. ಪೆಟ್ವೇ ಅನ್ನುವ ಧಣಿಯ ಹೆಸರೇ ಗುಲಾಮರ ಅಡ್ಡಹೆಸರಾಗಿ ಇವತ್ತಿಗೂ ಉಳಿದಿದೆ. ಅಲ್ಲಿನ ಹೆಣ್ಣುಮಕ್ಕಳು ಹೊಲದ ಕೆಲಸದ ಹರಿದ ಪ್ಯಾಂಟು, ಹಿಟ್ಟಿನ ಚೀಲ, ಸಿಕ್ಕ ಚಿಂದಿಯಲ್ಲೆಲ್ಲ ಕೌದಿ ಹೊಲಿದರು. ಗಾಳಿ ನುಗ್ಗುವ ಮರದ ಗುಡಿಸಲಿಗೆ ಬೆಚ್ಚಗಿರಲಿ ಅಂತ.

1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆ ಹಳ್ಳಿಗೆ ಬಂದಿದ್ದರು. ಕರಿಯರು ಮತದಾರರ ಪಟ್ಟಿಗೆ ಹೆಸರು ಬರೆಸಲು ನದಿ ದಾಟಿ ಪಟ್ಟಣಕ್ಕೆ ಹೋಗುತ್ತಾರೆ ಅಂತ ಬಿಳಿಯರು 1962ರಲ್ಲೇ ದೋಣಿ ನಿಲ್ಲಿಸಿಬಿಟ್ಟಿದ್ದರು. ಆ ದೋಣಿ ಮತ್ತೆ ಬಂದದ್ದು 2006ರಲ್ಲಿ. ನಮ್ಮಲ್ಲಿ ಕೆರೆಗೆ ಬೇಲಿ ಹಾಕಿದರು, ಅಲ್ಲಿ ದೋಣಿ ಕಟ್ಟಿಹಾಕಿದರು. ಮತದ ಹಕ್ಕು ಕೇಳಿದ್ದಕ್ಕೆ ಎಷ್ಟೋ ಕುಟುಂಬಗಳು ಗೇಣಿ ಭೂಮಿ, ಮನೆ ಕಳೆದುಕೊಂಡವು. 1966ರಲ್ಲಿ ಆ ಭಾಗದ ಹೆಣ್ಣುಮಕ್ಕಳು ಫ್ರೀಡಂ ಕ್ವಿಲ್ಟಿಂಗ್ ಬೀ ಅಂತ ಒಂದು ಸಹಕಾರಿ ಕಟ್ಟಿದರು. 1972ರಲ್ಲಿ ಸಿಯರ್ಸ್ ಅನ್ನುವ ದೊಡ್ಡ ಕಂಪನಿಗೆ ಕಾರ್ಡುರಾಯ್ ಬಟ್ಟೆಯ ದಿಂಬಿನ ಕವರು ಹೊಲಿದುಕೊಡುವ ಗುತ್ತಿಗೆ ಸಿಕ್ಕಿತು. ಆ ಕೆಲಸದಲ್ಲಿ ಉಳಿದ ಕಾರ್ಡುರಾಯ್ ಚೂರುಗಳನ್ನು ಮನೆಗೆ ಒಯ್ದು ಅದರಲ್ಲೂ ಕೌದಿ ಹೊಲಿದರು. ಕಂಪನಿಗೆ ಬೇಕಿದ್ದದ್ದು ಒಂದೇ ಅಳತೆಯ ಕವರು. ಮನೆಯ ಕೌದಿ ಅವರಿಗೆ ಹೇಗೆ ಬೇಕೋ ಹಾಗೆ.

2002ರಲ್ಲಿ ಆ ಕೌದಿಗಳು ಹ್ಯೂಸ್ಟನ್‌ನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಗೋಡೆಗೇರಿದವು. 2006ರಲ್ಲಿ ಅಂಚೆಚೀಟಿಯೂ ಬಂತು. ಅಲ್ಲಿಗೆ ಕಥೆ ಸುಖಾಂತ ಅನ್ನಬೇಡಿ. ಮರುವರ್ಷವೇ ಕೆಲವು ಹೆಣ್ಣುಮಕ್ಕಳು ನಮ್ಮ ವಿನ್ಯಾಸದಿಂದ ಬಂದ ದುಡ್ಡು ನಮಗೆ ಸರಿಯಾಗಿ ಬಂದಿಲ್ಲ ಅಂತ ಕೋರ್ಟಿಗೆ ಹೋದರು, ಕೊನೆಗೆ ರಾಜಿಯಾಯಿತು. ಆದರೆ ಒಂದು ವ್ಯತ್ಯಾಸ ನೋಡಿ. ಮ್ಯೂಸಿಯಮ್ಮಿನ ಗೋಡೆಯಲ್ಲಿ ಪ್ರತಿ ಕೌದಿಯ ಪಕ್ಕ ಹೊಲಿದವಳ ಹೆಸರು, ಹೊಲಿದ ವರ್ಷ ಇದೆ. ಮಿಸೌರಿ ಪೆಟ್ವೇ ಅಂತ ಒಬ್ಬಾಕೆ. 1942ರಲ್ಲಿ ಗಂಡ ತೀರಿಕೊಂಡ. ಅವನ ಹೊಲದ ಪ್ಯಾಂಟು ಅಂಗಿಗಳನ್ನೆಲ್ಲ ಬಿಚ್ಚಿ ಮಗಳ ಜೊತೆ ಕೂತು ಒಂದು ಕೌದಿ ಹೊಲಿದಳು. ಅವನ ನೆನಪಿಗೆ, ಅದನ್ನು ಹೊದ್ದು ಮಲಗಲಿಕ್ಕೆ.

ಸತ್ತವರ ಬಟ್ಟೆ! ಮನು ಶಿಕ್ಷೆ ಅಂತ ಹೊದಿಸಿದ್ದು ಅದನ್ನೇ. ಆ ತಾಯಿ ಅದನ್ನು ತನ್ನ ಗಂಡನ ಮೈಯ ಬಿಸಿ ಅಂತ ಹೊದ್ದುಕೊಂಡಳು. ನಮ್ಮ ಕೇರಿಗಳಲ್ಲೂ ಇಂಥ ಎಷ್ಟು ಕೌದಿ ಹೊಲಿದಿದ್ದಾರೋ. ಮಲಪ್ರಭೆ, ಕೃಷ್ಣೆ, ಭೀಮೆಯ ದಂಡೆಯ ಉದ್ದಕ್ಕೂ ಕೇರಿಗಳಿವೆ. ಆ ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರಾದರೂ ಯಾವ ಗೋಡೆಯಲ್ಲಿದೆ?

ನಾನು ಗುಮಾಸ್ತ. ದಿನಾ ಕಡತ ತಿರುವಿ ಹೊಟ್ಟೆ ಹೊರೆಯೋನು. ಆವಕ ಪುಸ್ತಕದಲ್ಲಿ ನಮೂದಾಗದ ಕಾಗದ ಕಚೇರಿಯ ಲೆಕ್ಕದಲ್ಲಿ ಹುಟ್ಟೇ ಇಲ್ಲ. ನಮ್ಮ ಹೆಣ್ಣುಮಕ್ಕಳ ಕೆಲಸದ ಗತಿಯೂ ಇದೇ. ಈಗ ದೊಡ್ಡ ಊರಿನ ಅಂಗಡಿಗಳಲ್ಲಿ ಕೌದಿ ಸಾವಿರಗಟ್ಟಲೆ ರೂಪಾಯಿಗೆ ಮಾರಾಟವಾಗುತ್ತೆ. ಚೀಟಿಯ ಮೇಲೆ ಅಂಗಡಿಯ ಹೆಸರು ಇರುತ್ತೆ, ವಿನ್ಯಾಸಕಿಯ ಹೆಸರು ಇರುತ್ತೆ, 'ಗ್ರಾಮೀಣ ಮಹಿಳೆಯರಿಂದ' ಅಂತ ಒಂದು ಸಾಲು ಇರುತ್ತೆ. ಆ ಗ್ರಾಮೀಣ ಮಹಿಳೆಗೆ ಒಂದು ಕೌದಿಗೆ ಎಷ್ಟು ಕೊಟ್ಟಿರಿ ಅಂತ ಒಂದು ಮಳಿಗೆಯಲ್ಲಿ ಕೇಳಿದೆ. ಅದು ನಮ್ಮ ಪಾಲಿಸಿ ಅಲ್ಲ ಸರ್ ಅಂದರು. ಬೆಂಗಳೂರಿನ ಗಾರ್ಮೆಂಟ್ಸ್ ಅಕ್ಕ ತಂಗಿಯರು 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡಿಗಾಗಿ ಬೀದಿಗಿಳಿದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರದ ನಿಯಮವನ್ನೇ ವಾಪಸ್ ತೆಗೆಸಿದರಲ್ಲ, ಆಗಲೂ ಟಿವಿಯಲ್ಲಿ ಕಂಡದ್ದು ಸುಟ್ಟ ಬಸ್ಸು. ಹೊಲಿಗೆ ಯಂತ್ರದ ಮುಂದೆ ಕೂತವರ ಹೆಸರು ಒಂದೂ ಕೇಳಲಿಲ್ಲ.

ಅದಕ್ಕೆ ನಮ್ಮ ಕೇರಿಯ ಸಂಘದಲ್ಲಿ ಒಂದು ಸಣ್ಣ ಕೆಲಸ ಶುರು ಮಾಡಿದ್ದೇವೆ. ಏಪ್ರಿಲ್ 14 ಆದಮೇಲೆ ನೀಲಿ ಬಾವುಟ, ಬಟ್ಟೆಯ ಬ್ಯಾನರು ರಾಶಿ ಬಿದ್ದಿರುತ್ತೆ. ಮಳೆಗೆ ಕೊಳೆತು ಚರಂಡಿ ಸೇರುವುದನ್ನು ನೋಡೋಕೆ ಆಗಲ್ಲ. ಬಾಬಾಸಾಹೇಬರ ಚಿತ್ರ, ಅಶೋಕ ಚಕ್ರ ಇರುವ ಭಾಗವನ್ನು ಕತ್ತರಿಸದೆ ಜೋಪಾನವಾಗಿ ತೆಗೆದಿಡ್ತೀವಿ. ಬರೀ ನೀಲಿ ಬಟ್ಟೆಯನ್ನು ತೊಳೆದು ಹಿರಿಯ ಹೆಣ್ಣುಮಕ್ಕಳ ಕೈಗೆ ಕೊಡ್ತೀವಿ. ಅವರು ಹೊಲಿಯೋದು, ಹುಡುಗಿಯರು ಹುಡುಗರು ಇಬ್ಬರೂ ಪಕ್ಕದಲ್ಲಿ ಕೂತು ಕಲಿಯೋದು. ಹುಡುಗರು ಸೂಜಿಗೆ ದಾರ ಪೋಣಿಸೋಕೇ ಅರ್ಧ ಗಂಟೆ ತಗೊಂಡರು, ಅಜ್ಜಿಯರು ಹೊಟ್ಟೆ ಹಿಡ್ಕೊಂಡು ನಕ್ಕರು. ಮೊದಲ ಸಲ ಭವನದ ಪುಸ್ತಕಗಳಿಗೆ ಗವಸು, ಮಕ್ಕಳಿಗೆ ಪಾಟಿಚೀಲ ಆಯಿತು. ಕೌದಿ ಇನ್ನೂ ನಡೀತಾ ಇದೆ. ಸುಲಭದ ಕೆಲಸ, ಖರ್ಚು ಅಂದರೆ ದಾರ ಮತ್ತು ಚಹಾ. ಪ್ರತಿಯೊಂದರ ಒಳಮೂಲೆಗೂ ಹೊಲಿದವರ ಹೆಸರನ್ನು ದಾರದಲ್ಲೇ ಬರೀಬೇಕು ಅನ್ನುವುದೊಂದೇ ನಿಯಮ. ಅಕ್ಷರ ಬಾರದ ಒಬ್ಬ ಆಯಿ ಮೊದಲು ತನ್ನ ಹೆಸರನ್ನು ಮೊಮ್ಮಗಳಿಂದ ಸೀಮೆಸುಣ್ಣದಲ್ಲಿ ಬರೆಸಿಕೊಂಡು, ಆಮೇಲೆ ಅದರ ಮೇಲೆ ಹೊಲಿಗೆ ಹಾಕಿದರು.

ನಿಮ್ಮಲ್ಲಿ ಒಂದು ವಿನಂತಿ. ಮನೆಯಲ್ಲಿ ಹಳೇ ಕೌದಿ ಇದ್ದರೆ ಬಿಸಿಲಿಗೆ ಹಾಕಿ, ಅವ್ವನನ್ನೋ ಅತ್ತೆಯನ್ನೋ ಪಕ್ಕ ಕೂರಿಸಿಕೊಂಡು ಒಂದೊಂದು ತುಂಡನ್ನೂ ತೋರಿಸಿ ಕೇಳಿ. ಇದು ಯಾರ ಸೀರೆ, ಇದು ಯಾವ ಜಾತ್ರೆಯ ಅಂಗಿ, ಇದು ಎಲ್ಲಿಂದ ಬಂತು, ಹೊಲಿದವರು ಯಾರು ಯಾರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರು ಒಪ್ಪಿದರೆ ಮಾತ್ರ ಕೌದಿಯ ಫೋಟೋ ಮತ್ತು ಹೊಲಿದವರ ಹೆಸರನ್ನು ಕೆಳಗೆ ಕಾಮೆಂಟಿನಲ್ಲಿ ಹಾಕಿ. ಊರು, ತಾಲೂಕು ಬರೆಯೋದು ಮರೀಬೇಡಿ. ಬಂದದ್ದನ್ನೆಲ್ಲ ಒಂದು ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಹಾಕಿ ಬರೆದಿಡುವ ಕೆಲಸ ನನ್ನದು.

ಜೈ ಭೀಮ್.